ಎಮರ್ಜೆನ್ಸಿಯಲ್ಲಿ ಗಾಬರಿಯ ನಡುವೆಯೂ ತೀರ್ಮಾನ ತೆಗೆದುಕೊಳ್ಳುವುದು ಹೇಗೆ? ಡ್ಯೂಟಿಗೆ ಬಂದಾಗಿನಿಂದ ಟ್ರಾಲಿ ಮತ್ತೆ ತುಂಬಿಸುವವರೆಗೆ

ನಾನು ಹೊಸದಾಗಿ ಎಮರ್ಜೆನ್ಸಿ ಡ್ಯೂಟಿಗೆ ಸೇರಿದ್ದ ದಿನಗಳು. ರಾತ್ರಿ ಎರಡು ಗಂಟೆ ಹೊತ್ತಿಗೆ ಇಪ್ಪತ್ತರ ಹುಡುಗನೊಬ್ಬನನ್ನು ಎತ್ತಿಕೊಂಡು ಬಂದರು. ಯಾವುದೋ ಮಾತ್ರೆ ನುಂಗಿ ಹತ್ತು ನಿಮಿಷ ಆಗಿತ್ತಷ್ಟೆ. ಮೈತುಂಬ ದದ್ದು, ತುಟಿ ಊದಿಕೊಂಡಿದೆ, ಉಸಿರಿಗೆ ಒದ್ದಾಡುತ್ತಿದ್ದಾನೆ. ಇದು ಅನಾಫಿಲ್ಯಾಕ್ಸಿಸ್, ಅಂದರೆ ಪ್ರಾಣಕ್ಕೇ ಕುತ್ತು ತರುವ ತೀವ್ರ ಅಲರ್ಜಿ, ಅಡ್ರಿನಲಿನ್ 0.5 ಮಿ.ಗ್ರಾಂ ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡಬೇಕು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ಬಾಯಿಂದ ಮಾತೇ ಹೊರಡಲಿಲ್ಲ. ಕೈಯಲ್ಲಿದ್ದ ಆಂಪೂಲ್ (ಔಷಧದ ಪುಟ್ಟ ಗಾಜಿನ ಸೀಸೆ) ಗಡಗಡ ನಡುಗುತ್ತಿತ್ತು. ಅದರ ಕತ್ತು ಮುರಿಯಲು ಹೋಗಿ ಇಡೀ ಗಾಜು ಪುಡಿಯಾಯಿತು. ಗ್ಲೌಸ್ ಹರಿದು ಬೆರಳಲ್ಲಿ ರಕ್ತ ಬಂತು.

ಪಕ್ಕದಲ್ಲಿದ್ದ ಸಿಸ್ಟರ್ ಏನೂ ಅನ್ನಲಿಲ್ಲ. ಇನ್ನೊಂದು ಆಂಪೂಲ್ ಒಡೆದು, ಅರ್ಧ ಎಂಎಲ್ ಎಳೆದು, ಸಿರಿಂಜನ್ನು ನನ್ನ ಕಣ್ಣ ಮುಂದೆ ಹಿಡಿದರು. "ಡಾಕ್ಟ್ರೇ, ಅಡ್ರಿನಲಿನ್ ಅರ್ಧ ಎಂಎಲ್, ತೊಡೆಗೆ. ಕೊಡಲಾ?" ನಾನು ತಲೆಯಾಡಿಸಿದೆ. ಹುಡುಗ ಚೇತರಿಸಿಕೊಂಡ.

ಬೆಳಗ್ಗೆ ಅವರನ್ನು ಕೇಳಿದೆ, ನಿಮಗೆ ಗಾಬರಿ ಆಗಲ್ವಾ ಅಂತ. "ಆಗತ್ತೆ. ಅದಕ್ಕೇ ಬಂದ ಕೂಡಲೇ ಟ್ರಾಲಿಯ ಆ ಡ್ರಾಯರ್ ತೆಗೆದು ನೋಡಿಬಿಡ್ತೀನಿ. ಅಡ್ರಿನಲಿನ್ ಎಡಗಡೆ, ಸಿರಿಂಜ್ ಅದರ ಪಕ್ಕ. ಆಮೇಲೆ ಕೈ ತಾನಾಗೇ ಅಲ್ಲಿಗೆ ಹೋಗತ್ತೆ" ಅಂದರು.

ಇಷ್ಟು ವರ್ಷವಾದ ಮೇಲೂ ನನಗೆ ಗಾಬರಿ ತಪ್ಪಿಲ್ಲ. ಅದನ್ನು ತಡೆಯುವ ಉಪಾಯವನ್ನು ಹುಡುಕುವುದನ್ನೇ ಬಿಟ್ಟಿದ್ದೇನೆ. ಗಾಬರಿಯಾದ ಹೊತ್ತಿನಲ್ಲಿ ಯೋಚಿಸಬೇಕಾದ ವಿಷಯಗಳನ್ನು ಆದಷ್ಟು ಕಡಿಮೆ ಮಾಡಿಟ್ಟುಕೊಳ್ಳುತ್ತೇನೆ, ಅಷ್ಟೆ. ಮುಂದಿನ ಹಂತಗಳೆಲ್ಲ ಅದಕ್ಕಾಗಿಯೇ ಇರುವಂಥವು. ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವ ವೈದ್ಯರು, ನರ್ಸ್‌ಗಳು, ಆಂಬ್ಯುಲೆನ್ಸ್ ಸಿಬ್ಬಂದಿ, ಆ ಕೆಲಸ ಕಲಿಯುತ್ತಿರುವವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮಗುವಿನದು ಅಂತ ಹೇಳದ ಕಡೆ ಡೋಸ್‌ಗಳು ದೊಡ್ಡವರವು. ನಿಮ್ಮ ವಿಭಾಗದ ಪ್ರೋಟೋಕಾಲ್ ಏನಿದೆಯೋ ಅದೇ ಕೊನೆಯ ಮಾತು.

ಮೊದಲು ಮೈಯೊಳಗೆ ಏನಾಗುತ್ತದೆ ನೋಡೋಣ

ಎದೆ ಡವಡವ ಅನ್ನುತ್ತದೆ, ಬಾಯಿ ಒಣಗುತ್ತದೆ, ಬೆರಳು ನಡುಗುತ್ತವೆ. ಇವೆಲ್ಲ ಎಲ್ಲರಿಗೂ ಗೊತ್ತು. ನಿಜವಾಗಿ ತೊಂದರೆ ಕೊಡುವವು ಬೇರೆ. ನೋಟ ಕಿರಿದಾಗಿ ಒಂದೇ ಕಡೆ ನೆಟ್ಟುಬಿಡುತ್ತದೆ. ಪಕ್ಕದವರು ಹೇಳಿದ್ದು ಕಿವಿಗೆ ಬೀಳುವುದಿಲ್ಲ. ಮೂರು ನಿಮಿಷ ಕಳೆದಿದ್ದರೂ ಅರ್ಧ ನಿಮಿಷ ಆದಂತೆ ಅನಿಸುತ್ತದೆ. ತಲೆಯಲ್ಲಿ ಒಟ್ಟಿಗೆ ಹಿಡಿದುಕೊಳ್ಳಬಲ್ಲ ವಿಷಯಗಳೂ ಕಡಿಮೆಯಾಗುತ್ತವೆ.

1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಬಿಳಿ ಪೆಟ್ಟಿಗೆಗೆ ಹೋದರೆ ಏನಿಲ್ಲ, ಕಪ್ಪಿಗೆ ಹೋದರೆ ಕರೆಂಟ್ ಶಾಕ್. ಎರಡರ ವ್ಯತ್ಯಾಸ ಸುಲಭವಾಗಿ ಕಾಣುವಂತಿದ್ದಾಗ ಶಾಕ್ ಜಾಸ್ತಿಯಾದಷ್ಟೂ ಇಲಿ ಬೇಗ ಕಲಿಯಿತು. ವ್ಯತ್ಯಾಸ ಹಿಡಿಯುವುದು ಕಷ್ಟವಾದಾಗ ಮಾತ್ರ ಜಾಸ್ತಿ ಶಾಕ್ ಕಲಿಕೆಯನ್ನು ನಿಧಾನ ಮಾಡಿತು. ಒತ್ತಡ ಒಂದು ಹದದವರೆಗೆ ಒಳ್ಳೆಯದು ಅಂತ ಹೇಳಲು ಈ ಪ್ರಯೋಗವನ್ನು ಎಳೆದು ತರುವವರು ಬಹಳ. ನನಗೆ ಅದಕ್ಕಿಂತ ಇಷ್ಟವಾದದ್ದು ಸುಲಭದ ಕೆಲಸ, ಕಷ್ಟದ ಕೆಲಸದ ನಡುವಿನ ಈ ವ್ಯತ್ಯಾಸ. ಒತ್ತಡದಲ್ಲಿ ಎದೆ ಒತ್ತುವ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಕೈಕೊಡುವುದು 14 ಕೆ.ಜಿ. ಮಗುವಿನ ಡೋಸ್ ಲೆಕ್ಕ. ಹಾಗಿದ್ದಮೇಲೆ ಲೆಕ್ಕವನ್ನು ಮಗು ಬರುವ ಮೊದಲೇ ಮುಗಿಸಬೇಕು, ಅಲ್ವಾ?

ಹಂತ 1: ಡ್ಯೂಟಿಗೆ ಬಂದ ಮೊದಲ ಹತ್ತು ನಿಮಿಷ

ಬಾಯಾರಿದಾಗ ಬಾವಿ ತೋಡುವ ಕೆಲಸ ಇಲ್ಲಿ ನಡೆಯುವುದಿಲ್ಲ. ಹ್ಯಾಂಡೋವರ್ ಮುಗಿದ ಕೂಡಲೇ ರೀಸಸ್ ಬೆಡ್ (ಪ್ರಾಣಾಪಾಯದಲ್ಲಿರುವವರನ್ನು ಮಲಗಿಸುವ ಬೆಡ್) ಹತ್ತಿರ ಹೋಗಿ. ಬಾಯಿ, ಗಂಟಲಿನ ದ್ರವ ಹೀರಿ ತೆಗೆಯುವ ಸಕ್ಷನ್ ಆನ್ ಮಾಡಿ, ಎಳೆಯುವ ಸದ್ದು ಕೇಳಿ. ಗಂಟಲೊಳಗೆ ನೋಡಿ ಟ್ಯೂಬ್ ಹಾಕಲು ಬಳಸುವ ಲ್ಯಾರಿಂಗೋಸ್ಕೋಪ್ ಬಿಡಿಸಿ, ಲೈಟ್ ಹತ್ತುತ್ತದಾ ನೋಡಿ. ಆಕ್ಸಿಜನ್ ಹರಿಯುತ್ತಿದೆಯಾ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್‌ಗೆ ಮಾಸ್ಕ್ ಸಿಕ್ಕಿಸಿದೆಯಾ, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಚಾರ್ಜಿಗೆ ಹಾಕಿದೆಯಾ ನೋಡಿ. ಚೆಕ್ ಮಾಡಲಾಗಿದೆ ಅಂತ ಪುಸ್ತಕದಲ್ಲಿ ಸಹಿ ಇದ್ದರೂ ನಿಮ್ಮ ಕೈಯಿಂದ ಒಮ್ಮೆ ಮುಟ್ಟಿ. ಎಲ್ಲಿದೆ ಅನ್ನುವುದು ಕೈಗೆ ನೆನಪಿರಬೇಕು.

ಆಮೇಲೆ ಜೊತೆಯವರ ಹೆಸರು ಕೇಳಿಕೊಳ್ಳಿ. "ಯಾರಾದ್ರೂ ಅಡ್ರಿನಲಿನ್ ತನ್ನಿ" ಅಂದರೆ ಮೂವರು ಓಡುತ್ತಾರೆ, ಇಲ್ಲವೇ ಒಬ್ಬರೂ ಓಡುವುದಿಲ್ಲ. ಇವತ್ತು ಹೃದಯ ನಿಂತ ರೋಗಿ ಬಂದರೆ ಎದೆ ಒತ್ತುವವರು ಯಾರು, ಏರ್‌ವೇ (ಉಸಿರಿನ ದಾರಿ) ಯಾರದು, ಟೈಮ್ ಬರೆಯುವವರು ಯಾರು ಅಂತ ಆಗಲೇ ಮಾತಾಡಿಕೊಳ್ಳಿ. ಮೊದಮೊದಲು ಮುಜುಗರ ಆಗುತ್ತದೆ. ಆದರೂ ಮಾಡಿ.

ಹೊಟ್ಟೆಗೆ ಏನಾದರೂ ಹಾಕಿಕೊಂಡು ಬಂದಿದ್ದೀರಾ, ಹಿಂದಿನ ರಾತ್ರಿ ನಿದ್ದೆ ಮಾಡಿದ್ದೀರಾ ಅಂತಲೂ ಕೇಳಿಕೊಳ್ಳಿ. ನಿದ್ದೆಗೆಟ್ಟಿದ್ದರೆ ಮುಚ್ಚಿಡಬೇಡಿ. "ನಾನಿವತ್ತು ಸುಸ್ತಾಗಿದ್ದೇನೆ, ಡೋಸ್‌ಗಳನ್ನು ನನ್ನ ಜೊತೆ ಇನ್ನೊಬ್ಬರು ನೋಡಿ" ಅಂದರೆ ಮರ್ಯಾದೆ ಏನೂ ಹೋಗುವುದಿಲ್ಲ.

ಹಂತ 2: ಫೋನ್ ಬಂತು, ರೋಗಿ ಇನ್ನೂ ಬಂದಿಲ್ಲ

ಆಂಬ್ಯುಲೆನ್ಸ್‌ನವರು "ಐದು ನಿಮಿಷದಲ್ಲಿ ಬರ್ತೀವಿ" ಅಂದಾಗ ಸಿಗುವ ಆ ಐದು ನಿಮಿಷ ಬಂಗಾರ. ಸುಮ್ನೆ ಬಾಗಿಲು ನೋಡುತ್ತಾ ನಿಲ್ಲಬೇಡಿ.

ಮೂರು ವರ್ಷದ, 14 ಕೆ.ಜಿ. ತೂಕದ ಮಗು ಬರುತ್ತಿದೆ, ಉಸಿರೂ ಇಲ್ಲ, ನಾಡಿಯೂ ಇಲ್ಲ ಅಂತ ಇಟ್ಟುಕೊಳ್ಳಿ. ಬೋರ್ಡ್ ಮೇಲೆ ದೊಡ್ಡದಾಗಿ ಬರೆಯಿರಿ. ಅಡ್ರಿನಲಿನ್ ಕೆ.ಜಿ.ಗೆ 10 ಮೈಕ್ರೋಗ್ರಾಂ, ಅಂದರೆ 140 ಮೈಕ್ರೋಗ್ರಾಂ. ಹತ್ತು ಸಾವಿರಕ್ಕೊಂದರ (ಒಂದು ಎಂಎಲ್‌ನಲ್ಲಿ 100 ಮೈಕ್ರೋಗ್ರಾಂ ಇರುವ) ದ್ರಾವಣದಲ್ಲಿ 1.4 ಎಂಎಲ್. ಡಿಫಿಬ್ರಿಲೇಟರ್ ಶಾಕ್ ಕೆ.ಜಿ.ಗೆ 4 ಜೂಲ್ ಅಂದರೆ 56. ಡ್ರಿಪ್ ಕೆ.ಜಿ.ಗೆ 10 ಎಂಎಲ್ ಅಂದರೆ 140. ಬರೆದದ್ದನ್ನು ಇನ್ನೊಬ್ಬರು ಜೋರಾಗಿ ಓದಲಿ, ತಾವೂ ಲೆಕ್ಕ ಹಾಕಿ ನೋಡಲಿ. ಬಿಂದು ಒಂದು ಮನೆ ಆಚೀಚೆ ಆದರೆ ಡೋಸ್ ಹತ್ತು ಪಟ್ಟು ಬದಲಾಗುತ್ತದೆ. ಆ ತಪ್ಪನ್ನು ಹಿಡಿಯಲು ನಾಲ್ಕು ಕಣ್ಣು ಬೇಕು.

ಸಮಯ ಉಳಿದರೆ ತಂಡಕ್ಕೆ ಎರಡು ಸಾಲು ಹೇಳಿ: "ಏರ್‌ವೇ ಕಷ್ಟ ಆದ್ರೆ ಹೀಗೆ ಮಾಡೋಣ. ರಕ್ತನಾಳಕ್ಕೆ ಲೈನ್ ಸಿಗದಿದ್ರೆ ಮೂಳೆಗೆ ಸೂಜಿ ಹಾಕೋಣ." ಕಷ್ಟ ಎದುರಾದಾಗ ಅದು ಹೊಸ ಆಘಾತವಾಗಿರುವುದಿಲ್ಲ. ಮೊದಲೇ ಆಡಿದ ಮಾತು ಎದುರು ಬಂದಂತೆ ಇರುತ್ತದೆ.

ಹಂತ 3: ಬಾಗಿಲಲ್ಲಿ ಒಂದು ಉಸಿರು

ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ನಾಲ್ಕು ಹಿಡಿ, ನಾಲ್ಕು ಹೊರಗೆ, ನಾಲ್ಕು ತಡೆ. ಸೈನಿಕರಿಗೆ ಹೇಳಿಕೊಡುವ ಈ ಉಸಿರಾಟ ಕೆಲಸ ಮಾಡುತ್ತದೆ. ಆದರೆ ಒಂದು ಸುತ್ತಿಗೇ 16 ಸೆಕೆಂಡ್ ಬೇಕು, ಎಲ್ಲ ಸಲ ಅಷ್ಟು ಸಿಗುವುದಿಲ್ಲ. ಆಗ ಒಂದೇ ಒಂದು ಸಲ ಮೂಗಿನಿಂದ ಎಳೆದುಕೊಂಡು, ಬಾಯಿಂದ ನಿಧಾನಕ್ಕೆ, ಪೂರ್ತಿ ಬಿಡಿ. ಉಸಿರು ಹೊರಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ನಾನು ಇದನ್ನು ಗ್ಲೌಸ್ ಹಾಕಿಕೊಳ್ಳುವುದಕ್ಕೆ ಕಟ್ಟಿಹಾಕಿದ್ದೇನೆ. ಎಡಗೈ ಗ್ಲೌಸಿಗೆ ಉಸಿರು ಒಳಗೆ, ಬಲಗೈ ಗ್ಲೌಸಿಗೆ ಉಸಿರು ಹೊರಗೆ. ಗ್ಲೌಸ್ ಹೇಗೂ ಹಾಕಲೇಬೇಕು, ಹಾಗಾಗಿ ಉಸಿರೂ ಮರೆಯುವುದಿಲ್ಲ.

ತಂಡ ನಡೆಸುವವರು ನೀವಾದರೆ ಬೆಡ್‌ನ ಕಾಲ ಬುಡದಲ್ಲಿ ನಿಂತುಕೊಳ್ಳಿ. ಅಲ್ಲಿಂದ ರೋಗಿ, ಮಾನಿಟರ್, ಎಲ್ಲರ ಕೈ ಮೂರೂ ಕಾಣುತ್ತವೆ. ಕೆಲಸಕ್ಕೆ ಜನ ಇದ್ದರೆ ನೀವು ಸೂಜಿ ಹಿಡಿಯಬೇಡಿ. ಸೂಜಿ ಹಿಡಿದ ಕ್ಷಣದಿಂದ ನಿಮಗೆ ಕಾಣುವುದು ಆ ರಕ್ತನಾಳ ಒಂದೇ.

ಹಂತ 4: ಎ ಯಿಂದ ಶುರು ಮಾಡಿ, ದಾರಿ ತಪ್ಪಿದರೆ ಮತ್ತೆ ಎ ಗೆ ಬನ್ನಿ

ಏರ್‌ವೇ, ಉಸಿರು, ರಕ್ತಸಂಚಾರ, ಪ್ರಜ್ಞೆ, ಆಮೇಲೆ ಬಟ್ಟೆ ಸರಿಸಿ ಇಡೀ ಮೈ. ಎ, ಬಿ, ಸಿ, ಡಿ, ಇ. ಎಲ್ಲರೂ ಕಲಿತಿರುತ್ತಾರೆ. ಆದರೆ ಗಾಬರಿಯಾದಾಗ ಕಾಯಿಲೆಯ ಹೆಸರು ಹುಡುಕಲು ಹೊರಡುತ್ತಾರೆ. ಹೆಸರು ಗೊತ್ತಾಗದೆಯೂ ಆಕ್ಸಿಜನ್ ಕೊಡಬಹುದು, ರಕ್ತ ನಿಲ್ಲಿಸಬಹುದು, ಶುಗರ್ ನೋಡಬಹುದು. ಪ್ರತಿ ಅಕ್ಷರಕ್ಕೂ ಪ್ರಶ್ನೆ ಒಂದೇ: ಇಲ್ಲಿ ತೊಂದರೆ ಇದೆಯಾ? ಇದ್ದರೆ ಸರಿ ಮಾಡಿ ಮುಂದೆ ಹೋಗಿ. ತಲೆ ಗೊಂದಲವಾಯಿತಾ? ರೋಗಿ ಇದ್ದಕ್ಕಿದ್ದಂತೆ ಕೆಟ್ಟನಾ? ಏನೂ ಯೋಚಿಸದೆ ಎ ಗೆ ವಾಪಸ್ ಬನ್ನಿ.

ಡಿ ಹತ್ತಿರ ನಾನು ಒಮ್ಮೆ ಎಡವಿದ್ದೇನೆ. "ಕುಡಿದು ಬಿದ್ದಿದ್ದಾನೆ" ಅಂತ ಹೇಳಿ ಒಬ್ಬರನ್ನು ಬಿಟ್ಟುಹೋದರು. ಬಾಯಿಂದ ವಾಸನೆಯೂ ಬರುತ್ತಿತ್ತು. ಮೂಲೆಯ ಬೆಡ್‌ನಲ್ಲಿ ಮಲಗಿಸಿ, ಅಮಲು ಇಳಿಯಲಿ ಅಂತ ಬಿಟ್ಟೆ. ಸುಮಾರು ಅರ್ಧ ಗಂಟೆಯಾದ ಮೇಲೆ ಹೊಸ ನರ್ಸ್ ಒಬ್ಬರು ಹೋಗಿ ಬೆರಳು ಚುಚ್ಚಿದರು. ಶುಗರ್ 38, ತೀರಾ ಕಡಿಮೆ. ಗ್ಲೂಕೋಸ್ ಹೋದ ಸ್ವಲ್ಪ ಹೊತ್ತಿಗೆ ಆತ ಎದ್ದು ಕೂತು "ನಾನೆಲ್ಲಿದೀನಿ?" ಅಂದ. ವಾಸನೆ ಸುಳ್ಳಾಗಿರಲಿಲ್ಲ, ಕುಡಿದಿದ್ದೂ ನಿಜ. ಆ ಒಂದು ನಿಜ ಸಿಕ್ಕ ಕೂಡಲೇ ನಾನು ಹುಡುಕುವುದನ್ನು ನಿಲ್ಲಿಸಿದ್ದೆ. ಈಗ ಪ್ರಜ್ಞೆ ಮಂಕಾದ ಯಾರೇ ಬಂದರೂ, ಕಾರಣ ಎಷ್ಟೇ ಸ್ಪಷ್ಟವಾಗಿದ್ದರೂ, ಮೊದಲು ಬೆರಳು ಚುಚ್ಚುತ್ತೇನೆ.

ಹಂತ 5: ತಲೆಯಲ್ಲಿರುವುದನ್ನು ಬಾಯಿಂದ ಹೇಳಿ

ನಿಮ್ಮ ತಲೆಯೊಳಗೆ ಏನು ಓಡುತ್ತಿದೆ ಅಂತ ಬೇರೆಯವರಿಗೆ ಕಾಣುವುದಿಲ್ಲ. ಹೇಳಿದರೆ ಎರಡು ಲಾಭ. ನಿಮ್ಮ ಯೋಚನೆಗೇ ಒಂದು ಕ್ರಮ ಬರುತ್ತದೆ, ತಪ್ಪಿದ್ದರೆ ಇನ್ನೊಬ್ಬರು ಹಿಡಿಯುತ್ತಾರೆ.

ಕೆಲಸ ಹೇಳುವಾಗ ಹೆಸರು ಹಿಡಿದು ಹೇಳಿ. ಕೇಳಿಸಿಕೊಂಡವರು ತಿರುಗಿ ಹೇಳಲಿ, ಮುಗಿದ ಮೇಲೆ ಮತ್ತೊಮ್ಮೆ ಹೇಳಲಿ. ಹೃದಯ ನಿಂತ ರೋಗಿಯ ಮುಂದೆ ಅದು ಹೀಗಿರುತ್ತದೆ (ಐವಿ ಅಂದರೆ ನೇರ ರಕ್ತನಾಳಕ್ಕೆ):

"ಸಿಸ್ಟರ್ ಲತಾ, ಅಡ್ರಿನಲಿನ್ 1 ಮಿಲಿಗ್ರಾಂ ಐವಿ ಕೊಡಿ."
"ಅಡ್ರಿನಲಿನ್ 1 ಮಿಲಿಗ್ರಾಂ ಐವಿ."
"ಹೌದು."
"ಕೊಟ್ಟಾಯ್ತು. ಎರಡು ಗಂಟೆ ಹನ್ನೆರಡು ನಿಮಿಷ."

ಓದಲು ನಾಟಕದಂತೆ ಕಾಣಬಹುದು. ಗದ್ದಲದ ನಡುವೆ ಒಂದೇ ಡೋಸ್ ಎರಡು ಸಲ ಹೋಗುವುದನ್ನು, ಒಂದೂ ಹೋಗದಿರುವುದನ್ನು ನೋಡಿದವರಿಗೆ ನಾಟಕ ಅನಿಸುವುದಿಲ್ಲ.

ದನಿ ಏರಿಸಬೇಡಿ. ನಿಮ್ಮ ದನಿ ಏರಿದರೆ ಎಲ್ಲರದೂ ಏರುತ್ತದೆ, ಕೊನೆಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

ಹಂತ 6: ಈಗಲೇನಾ, ಎರಡು ನಿಮಿಷ ಬಿಟ್ಟಾ?

ಕೆಲವು ತೀರ್ಮಾನಗಳನ್ನು ರೋಗಿಯ ಮುಂದೆ ನಿಂತು ತೆಗೆದುಕೊಳ್ಳಲೇಬಾರದು. ಅವು ಮೊದಲೇ ಆಗಿಹೋಗಿರಬೇಕು.

- ನಾಡಿ ಸಿಗುತ್ತಿಲ್ಲ: ಹುಡುಕಲು 10 ಸೆಕೆಂಡ್, ಅದಕ್ಕಿಂತ ಜಾಸ್ತಿ ಇಲ್ಲ. ಆಮೇಲೆ ಎದೆ ಒತ್ತಲು ಶುರು. ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂ.ಮೀ.
- ಅನಾಫಿಲ್ಯಾಕ್ಸಿಸ್: ತೊಡೆಗೆ ಅಡ್ರಿನಲಿನ್. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ.
- ಫಿಟ್ಸ್ 5 ನಿಮಿಷವಾದರೂ ನಿಂತಿಲ್ಲ: ಲೊರಾಜೆಪಾಮ್ ಅಥವಾ ಮಿಡಾಜೊಲಾಮ್. ತಾನಾಗೇ ನಿಲ್ಲಲಿ ಅಂತ ಕಾಯಬೇಡಿ.
- ರಕ್ತ ಚಿಮ್ಮುತ್ತಿದೆ: ಒತ್ತಿ ಹಿಡಿಯಿರಿ, ಉಳಿದದ್ದು ಆಮೇಲೆ.

ಉಳಿದವಕ್ಕೆಲ್ಲ ನನ್ನ ಪ್ರಶ್ನೆ ಎರಡೇ. ಎರಡು ನಿಮಿಷ ಕಾದರೆ ಏನಾಗುತ್ತದೆ? ತಪ್ಪಾದರೆ ಹಿಂದಕ್ಕೆ ತೆಗೆದುಕೊಳ್ಳಬಹುದಾ? ಕೊಟ್ಟ ಆಕ್ಸಿಜನ್ ತೆಗೆಯಬಹುದು, ಡ್ರಿಪ್ ನಿಲ್ಲಿಸಬಹುದು. ರಕ್ತದ ಗಡ್ಡೆ ಕರಗಿಸುವ ಔಷಧ ಒಮ್ಮೆ ಒಳಗೆ ಹೋದರೆ ಹೋಯಿತು. ಎದೆನೋವಿಗೆ ಕಾರಣ ಹೃದಯಾಘಾತವಾಗಿರದೆ ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಸೀಳಿದ್ದರೆ ಅದೇ ಔಷಧ ಪ್ರಾಣಕ್ಕೆ ಎರವಾಗುತ್ತದೆ. ಅಲ್ಲಿ ಎರಡೂ ಕೈಯ ಬಿಪಿ ನೋಡಿ, ಎಕ್ಸ್‌ರೇ ಮೇಲೆ ಕಣ್ಣಾಡಿಸಿ, ಯಾವಾಗ ಕೊಡಬಾರದು ಅನ್ನುವ ಪಟ್ಟಿಯನ್ನು ಜೋರಾಗಿ ಓದಿ.

ನಿಧಾನ ಮಾಡುವುದೂ ಒಂದು ತೀರ್ಮಾನವೇ, ಅದಕ್ಕೂ ಬೆಲೆ ಇದೆ. ಗಾಯದಿಂದ ಜೋರಾಗಿ ರಕ್ತ ಹೋಗುತ್ತಿರುವವರಿಗೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೊಡುವುದಿದ್ದರೆ ಗಾಯವಾಗಿ 3 ಗಂಟೆಯ ಒಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. 20,000ಕ್ಕೂ ಹೆಚ್ಚು ರೋಗಿಗಳಿದ್ದ, 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನ ಈ ಔಷಧದಿಂದ ಸಾವು ಕಡಿಮೆಯಾಗುತ್ತದೆ ಅಂತ ತೋರಿಸಿತು. ಅದೇ ಅಧ್ಯಯನದಲ್ಲಿ 3 ಗಂಟೆ ಕಳೆದ ಮೇಲೆ ಔಷಧ ಪಡೆದವರಿಗೆ ಒಳ್ಳೆಯದಾಗುವ ಬದಲು ತೊಂದರೆಯೇ ಕಂಡಿತ್ತು.

ಅನುಭವಿಗಳು ಇದನ್ನೆಲ್ಲ ಲೆಕ್ಕ ಹಾಕದೆ ಮಾಡಿದಂತೆ ಕಾಣುತ್ತದೆ. 1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ಮಾತಾಡಿಸಿದಾಗ, ಅವರು ಬಹುತೇಕ ಸಲ ನಾಲ್ಕು ದಾರಿಗಳನ್ನು ಅಕ್ಕಪಕ್ಕ ಇಟ್ಟು ತೂಗುವುದಿಲ್ಲ ಅಂತ ಗೊತ್ತಾಯಿತು. ಹಿಂದೆ ನೋಡಿದ ಬೆಂಕಿಯ ಗುರುತು ಹಿಡಿದು, ಮೊದಲು ಹೊಳೆದ ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ಓಡಿಸಿ ನೋಡಿ, ಸರಿ ಅನಿಸಿದರೆ ಹೊರಟುಬಿಡುತ್ತಿದ್ದರು. ಹೊಸಬರು ಅವರನ್ನು ನೋಡಿ ವೇಗವನ್ನಷ್ಟೇ ನಕಲು ಮಾಡಿದರೆ ಕೆಡುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ. ಗುರುತು ಹಿಡಿಯುವಷ್ಟು ಕೇಸ್ ನೋಡುವವರೆಗೆ ಪಟ್ಟಿ ಹಿಡಿದೇ ಹೋಗಿ.

ಪಟ್ಟಿ ಅಂದರೆ ಹಿರಿಯರಿಗೂ ಕೆಲವೊಮ್ಮೆ ಅಸಡ್ಡೆ. ವಿಶ್ವ ಆರೋಗ್ಯ ಸಂಸ್ಥೆಯ ಆಪರೇಷನ್ ಚೆಕ್‌ಲಿಸ್ಟನ್ನು 8 ನಗರಗಳ 8 ಆಸ್ಪತ್ರೆಗಳಲ್ಲಿ ಬಳಸಿ ನೋಡಿದ ಫಲಿತಾಂಶ 2009ರಲ್ಲಿ ಬಂತು. ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ಉಸಿರಿನ ಟ್ಯೂಬ್ ಹಾಕುವ ಮೊದಲು ಒಂದು ನಿಮಿಷದ ಪಟ್ಟಿ ಓದಲು ಇಷ್ಟು ಕಾರಣ ಸಾಕು.

ಹಂತ 7: ಒಂದೇ ಕಡೆ ಸಿಕ್ಕಿಹಾಕಿಕೊಳ್ಳದಂತೆ ಗಡುವು ಇಟ್ಟುಕೊಳ್ಳಿ

2005ರಲ್ಲಿ ಇಂಗ್ಲೆಂಡಿನಲ್ಲಿ ಸೈನಸ್ ಆಪರೇಷನ್‌ಗೆಂದು ಬಂದ ಆರೋಗ್ಯವಂತ ಮಹಿಳೆಯೊಬ್ಬರಿಗೆ ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ಅಲ್ಲಿದ್ದ ಡಾಕ್ಟರುಗಳೆಲ್ಲ ಅನುಭವಿಗಳೇ. ಟ್ಯೂಬ್ ಹಾಕಲು ಮತ್ತೆ ಮತ್ತೆ ಪ್ರಯತ್ನಿಸಿದರು. ಆಕ್ಸಿಜನ್ ಕುಸಿದೇ ಇತ್ತು, ನಿಮಿಷಗಳು ಉರುಳಿದವು. ಒಬ್ಬ ನರ್ಸ್ ಕತ್ತಿನಲ್ಲಿ ದಾರಿ ಮಾಡುವ ಟ್ರಕಿಯಾಸ್ಟಮಿ ಸೆಟ್ ತಂದಿಟ್ಟು, ಸಿದ್ಧವಿದೆ ಅಂತ ಹೇಳಿಯೂ ಹೇಳಿದರು. ಯಾರೂ ಅದನ್ನು ಮುಟ್ಟಲಿಲ್ಲ. ಆಕೆ ಮತ್ತೆ ಪ್ರಜ್ಞೆಗೆ ಬರದೆ 13 ದಿನದ ಮೇಲೆ ತೀರಿಕೊಂಡರು. ಆಕೆಯ ಗಂಡ ಪೈಲಟ್. ಯಾರ ಮೇಲೂ ಹರಿಹಾಯದೆ, ಜಾಣರ ತಂಡ ಇಂಥ ಕಡೆ ಹೇಗೆ ಸಿಕ್ಕಿಬೀಳುತ್ತದೆ ಅಂತ ಕೇಳಿದವರು ಅವರು. ಈ ಕಥೆ ಇವತ್ತು ವೈದ್ಯಕೀಯ ತರಬೇತಿಗಳಲ್ಲಿ ಪಾಠವಾಗಿದೆ.

"ಇನ್ನೊಂದೇ ಒಂದು ಸಲ" ಅನ್ನುವುದು ಎಲ್ಲರಿಗೂ ಬರುವ ಯೋಚನೆ. ಅದಕ್ಕೆ ಮದ್ದು ಮೊದಲೇ ಜೋರಾಗಿ ಹೇಳಿಟ್ಟ ಗಡುವು. "ಎರಡು ಸಲ ನೋಡ್ತೀನಿ. ರಕ್ತದ ಆಕ್ಸಿಜನ್ ಸ್ಯಾಚುರೇಶನ್ 90ಕ್ಕಿಂತ ಕೆಳಗಿಳಿದ್ರೆ ನಿಲ್ಲಿಸಿ ಬ್ಯಾಗ್ ಮಾಸ್ಕ್ ಹಿಡೀತೀನಿ. ಇಳಿದ ಕೂಡಲೇ ನೀವು ನನಗೆ ಹೇಳಿ." ಹೇಳಬೇಕಾದ ಕೆಲಸ ಇನ್ನೊಬ್ಬರದಾದಾಗ ನಿಮ್ಮ ಹಠ ನಿಮ್ಮನ್ನು ಹಿಡಿದಿಡುವುದಿಲ್ಲ.

ಇನ್ನೊಂದು ರೂಢಿ: ಹತ್ತು ನಿಮಿಷ ಉಳಿಸಲು ಹತ್ತು ಸೆಕೆಂಡ್ ನಿಲ್ಲುವುದು. ಏನೂ ಸರಿಹೋಗುತ್ತಿಲ್ಲ ಅನಿಸಿದಾಗ "ಹತ್ತು ಸೆಕೆಂಡ್, ಎಲ್ಲರೂ ಕೇಳಿ" ಅನ್ನಿ. ಎದೆ ಒತ್ತುವ ಕೈ ಮಾತ್ರ ನಿಲ್ಲಬಾರದು. ಈಗ ಗೊತ್ತಿರುವುದು ಇಷ್ಟು, ಮಾಡಿದ್ದು ಇಷ್ಟು, ಇದು ಅಲ್ಲದಿದ್ದರೆ ಮತ್ತೇನಿರಬಹುದು? ಕೊನೆಗೆ "ನಾನೇನಾದ್ರೂ ಬಿಟ್ಟೆನಾ?" ಅಂತ ಕೇಳಿ, ಬಾಯಿ ಮುಚ್ಚಿಕೊಳ್ಳಿ. ಆ ಮೌನದಲ್ಲೇ ಯಾರೋ ಏನೋ ಹೇಳುತ್ತಾರೆ.

ಹಂತ 8: ಮೇಲಿನವರಿಗೆ ಹೇಳುವುದು ಹೇಗೆ

1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಜಂಬೊ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಹಾರಲು ಓಡುತ್ತಿದ್ದ ವಿಮಾನದ ಫ್ಲೈಟ್ ಇಂಜಿನಿಯರ್, ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವಾ ಅಂತ ಕೇಳಿದ್ದರು. ಬಿಟ್ಟಿದೆ ಅಂದರು ಹಿರಿಯ ಕ್ಯಾಪ್ಟನ್. ಇಂಜಿನಿಯರ್ ಮತ್ತೆ ಕೇಳಲಿಲ್ಲ.

ಮೆಲ್ಲಗೆ ಕೇಳಿದ ಪ್ರಶ್ನೆ ಗಾಬರಿಯಲ್ಲಿರುವವರ ಕಿವಿಗೆ ಬೀಳುವುದಿಲ್ಲ. ಮೆಟ್ಟಿಲು ಹತ್ತಿದಂತೆ ಏರಿಸುತ್ತಾ ಹೋಗಬೇಕು. ಮೊದಲು ಕೇಳಿ: "ಸರ್, ಸ್ಯಾಚುರೇಶನ್ 84 ಇದೆ, ನೋಡಿದ್ರಾ?" ಆಮೇಲೆ ದಾರಿ ಹೇಳಿ: "ಸರ್, ಟ್ಯೂಬ್ ಬಿಟ್ಟು ಬ್ಯಾಗ್ ಮಾಸ್ಕ್ ಹಿಡಿಯೋಣ." ಕೇಳದಿದ್ದರೆ: "ಸರ್, ಇದು ಸುರಕ್ಷಿತ ಅಲ್ಲ ಅನಿಸ್ತಿದೆ ನನಗೆ." ಅದಕ್ಕೂ ಬಗ್ಗದಿದ್ದರೆ: "ಸರ್, ನಿಲ್ಲಿಸಿ. ನಾನು ಇನ್ನೊಬ್ಬರನ್ನು ಕರೀತೀನಿ." ನಾಲ್ಕಕ್ಕೂ ಸೇರಿ ಅರ್ಧ ನಿಮಿಷವೂ ಬೇಡ. "ಸರ್" ಬಿಡಬೇಕಾಗಿಯೂ ಇಲ್ಲ.

ಹಿರಿಯರಾದರೆ ನಿಮ್ಮ ಕೆಲಸ ಇನ್ನೂ ಸುಲಭ. ಹೇಳಿದವರಿಗೆ ಎಲ್ಲರ ಮುಂದೆ "ಒಳ್ಳೆಯದಾಯ್ತು ಹೇಳಿದ್ದು" ಅನ್ನಿ. ಅವರು ಹೇಳಿದ್ದು ತಪ್ಪಾಗಿದ್ದಾಗಲೂ ಅನ್ನಿ.

ಹಂತ 9: ಅಭ್ಯಾಸ ಮತ್ತು ಮುಗಿದ ಮೇಲಿನ ಕೆಲಸ

ಬಿಡುವಿದ್ದಾಗ ಗ್ಲೌಸ್ ಹಾಕಿಕೊಂಡು, ಟೈಮರ್ ಇಟ್ಟು, ಅವಧಿ ಮುಗಿದ ಆಂಪೂಲ್‌ಗಳನ್ನು ಒಡೆದು ಸಿರಿಂಜಿಗೆ ಎಳೆಯಿರಿ. ಆಮೇಲೆ ಹಿಂದಿನಿಂದ ಯಾರಾದರೂ ಪ್ರಶ್ನೆ ಕೇಳುತ್ತಿರಲಿ. ಆಮೇಲೆ ಮಾನಿಟರ್ ಅಲಾರಾಂ ಹೊಡೆಯುತ್ತಿರಲಿ. ಹೀಗೆ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಏರಿಸಿ.

ಕೇಸ್ ಮುಗಿದ ಮೇಲೆ, ರೋಗಿ ಉಳಿದರೂ ಸರಿ ಹೋದರೂ ಸರಿ, ಅಲ್ಲೇ ನಿಂತು ಐದು ನಿಮಿಷ ಮಾತಾಡಿ. ಏನಾಯಿತು, ಏನು ಚೆನ್ನಾಗಿ ಆಯಿತು, ಮುಂದಿನ ಸಲ ಏನು ಬದಲಿಸೋಣ. ಯಾರ ತಪ್ಪು ಅನ್ನುವ ವಿಚಾರಣೆಗೆ ಅದು ಜಾಗವಲ್ಲ. ಆಮೇಲೂ ಕೈ ನಡುಗಬಹುದು, ರಾತ್ರಿ ನಿದ್ದೆ ಬರದಿರಬಹುದು. ವಾರಗಳು ಕಳೆದರೂ ಅದೇ ದೃಶ್ಯ ಕಾಡುತ್ತಿದ್ದರೆ ಯಾರಿಗಾದರೂ ಹೇಳಿ, ಸಹಾಯ ತೆಗೆದುಕೊಳ್ಳಿ.

ಆಮೇಲೆ ಟ್ರಾಲಿ. ಅಡ್ರಿನಲಿನ್ ನಾಲ್ಕು ಹೋಗಿದ್ದರೆ ನಾಲ್ಕು ತಂದಿಡಿ, ಎಡಗಡೆಗೇ. ಸಿರಿಂಜ್ ಅದರ ಪಕ್ಕ. ಲ್ಯಾರಿಂಗೋಸ್ಕೋಪ್ ತೊಳೆಯಲು ಕಳಿಸಿ, ಬೇರೆಯದನ್ನು ಬಿಡಿಸಿ ಲೈಟ್ ನೋಡಿ. ಸಕ್ಷನ್ ಬಾಟಲಿ ಬದಲಿಸಿ, ಆನ್ ಮಾಡಿ, ಸದ್ದು ಕೇಳಿ, ಆಫ್ ಮಾಡಿ.